ನನ್ನವಳ ಹರಕೆ ಮತ್ತು ಕಾರಿನ ಪಂಪು

ಹರಕೆ ಹೊರುವ ವಿಷಯದಲ್ಲಿ ನಮ್ಮ ಜನ ಬಹಳ ಬುದ್ಧಿವಂತರು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕು ಎನ್ನುತ್ತಾರೆ. ನಮ್ಮ ಚಿಕ್ಕಪ್ಪ ಬಿಟ್ಟು ಬಂದದ್ದು ಹಾಗಲಕಾಯಿಯನ್ನು. ಹುಟ್ಟಿದಾಗಿನಿಂದ ಅವರು ಅದನ್ನು ನಾಲಿಗೆಗೆ ಸೋಕಿಸಿದವರಲ್ಲ. ಯಾರಾದರೂ ಕೆಣಕಿದರೆ, ಮುಂದೆ ಎಂದಾದರೂ ಇಷ್ಟವಾಗಬಹುದಿತ್ತಲ್ಲ, ಆ ಆಸೆಯನ್ನೇ ಬಿಟ್ಟುಬಂದೆ ಎನ್ನುತ್ತಿದ್ದರು. ನಾನೂ ಅದೇ ವಂಶದವನು. ಕೆಲಸ ಸಿಕ್ಕರೆ ತಲೆಗೂದಲು ಕೊಡುತ್ತೇನೆಂದು ಹೇಳಿಕೊಂಡಿದ್ದೆ. ಕೊಡಲು ಪುರುಸೊತ್ತಾಗುವಷ್ಟರಲ್ಲಿ ಕೂದಲು ತಾನಾಗಿಯೇ ಹೋಗಿತ್ತು. ದೇವರೇ ಕಂತಿನಲ್ಲಿ ವಸೂಲು ಮಾಡಿಕೊಂಡಿರಬೇಕು ಎಂದು ಸುಮ್ಮನಾದೆ. ಆದರೆ ನನ್ನ ಹೆಂಡತಿ ಜಯಮ್ಮ ಇಂಥ ಕಳ್ಳಲೆಕ್ಕದವಳಲ್ಲ. ಹರಕೆ ಹೊತ್ತರೆ ಈ ಲೋಕದಲ್ಲಿ ತನಗೆ ಅತ್ಯಂತ ಕಷ್ಟವಾದದ್ದನ್ನೇ ಹುಡುಕಿ ಹೊರುತ್ತಾಳೆ. ಅವಳು ಹೊತ್ತ ಹರಕೆ ಇದು: ನಮ್ಮ ಮಗಳಿಗೊಂದು ಮಗುವಾದರೆ, ಆ ಮಗುವನ್ನು ಮಡಿಲಲ್ಲಿಟ್ಟುಕೊಂಡು, ನಮ್ಮ ಮನೆಯ ಕಾರಿನಲ್ಲಿ ಕುಳಿತು, ಹೊಸ್ತಿಲಿನಿಂದ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಗುಡಿಯವರೆಗೆ ಬಾಯಿ ಬಿಡದೆ ಬಂದು, ತೊಟ್ಟಿಲು ಒಪ್ಪಿಸುತ್ತೇನೆ.

ತೊಟ್ಟಿಲು ಒಪ್ಪಿಸುವವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಅದರಲ್ಲೇನೂ ವಿಶೇಷವಿಲ್ಲ. ವಿಶೇಷವಿರುವುದು ಕಾರಿನಲ್ಲಿ ಮತ್ತು ಬಾಯಿಯಲ್ಲಿ. ಮೊದಲು ಕಾರಿನ ವಿಷಯ ಹೇಳುತ್ತೇನೆ. ಅದರ ಹೆಸರು ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಮಂತ್ರಿಗಳೆಲ್ಲ, ಮದುವೆ ಗಂಡುಗಳೆಲ್ಲ ಅದರಲ್ಲೇ ಕುಳಿತು ಬರುತ್ತಿದ್ದರು ಎಂದರೆ ಸಾಕು, ವಯಸ್ಸಾದವರಿಗೆ ಕಣ್ಣ ಮುಂದೆ ಬರುತ್ತದೆ. ಮಾಗಡಿ ಹತ್ತಿರದ ಕಲ್ಯದಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದ ನನ್ನ ತಂದೆ, ಗೂಡಿಗೆ ಎಂದೂ ಇಲ್ಲದ ಬೆಲೆ ಬಂದ ವರ್ಷ ಅದನ್ನು ಕೊಂಡು ತಂದರು. ಅವರಾದ ಮೇಲೆ ನನಗೆ ಬಂತು. ನಾನು ರೇಷ್ಮೆ ಇಲಾಖೆಯ ಕೆಲಸ ಮುಗಿಸಿ ನಿವೃತ್ತನಾಗಿ ರಾಮನಗರದಲ್ಲಿ ನೆಲೆಸಿದಾಗ ಕಾರೂ ನನ್ನ ಜೊತೆಯಲ್ಲೇ ನಿವೃತ್ತಿಯಾಗಿ ಶೆಡ್ಡು ಸೇರಿತು. ಹಾಲಿನ ಬಣ್ಣದ ಕಾರು. ಈಗ ಹಾಲಿಗೆ ಒಸಿ ಕಾಫಿ ಬಿದ್ದಂತಾಗಿದೆ. ಎಡಗಡೆಯ ಹಿಂಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹಾರನ್ನು ತಿರುವಿನಲ್ಲಿ ಕೇಳದೆಯೇ ಕೂಗುತ್ತದೆ, ಬೇಕಾದಾಗ ಕೂಗುವುದಿಲ್ಲ. ಪೆಟ್ರೋಲ್ ತೋರಿಸುವ ಮುಳ್ಳು ಅರ್ಧಕ್ಕೆ ಬಂದು ನಿಂತುಬಿಟ್ಟಿದೆ. ಟ್ಯಾಂಕು ತುಂಬಿದರೂ ಅರ್ಧ, ಬರಿದಾದರೂ ಅರ್ಧ. ಇಂಥ ಸಣ್ಣಪುಟ್ಟದ್ದು ಬಿಟ್ಟರೆ ಗಾಡಿ ಚಿನ್ನ.

ಈ ಚಿನ್ನದ ಮೇಲೆ ಜಯಮ್ಮನಿಗೆ ಮದುವೆಯ ದಿನದಿಂದ ಸಿಟ್ಟು. ಅವಳ ತವರು ಚನ್ನಪಟ್ಟಣ; ಅವಳ ತಂದೆ ಮರದ ಗೊಂಬೆ ಕಡೆಯುತ್ತಿದ್ದವರು. ಧಾರೆ ಮುಗಿಸಿ ಹೆಣ್ಣು ಕರೆದುಕೊಂಡು ಕಲ್ಯಕ್ಕೆ ಬರುತ್ತಿದ್ದಾಗ ಮಾಗಡಿಗೆ ಮುಂಚಿನ ಏರಿನಲ್ಲಿ ಕಾರು ನಿಂತಿತು. ಇಳಿದು ತಳ್ಳಿದವರು ನಾನು, ನನ್ನ ಚಿಕ್ಕಪ್ಪ, ಮತ್ತು ಜನ ಸಾಲದೆ ಬಂದದ್ದರಿಂದ ಮದುಮಗಳು. ಧಾರೆ ಸೀರೆ ಉಟ್ಟು, ಬಾಸಿಂಗ ಕಟ್ಟಿದ ಹಣೆಯಿಂದ ಬೆವರು ಒರೆಸಿಕೊಳ್ಳುತ್ತ ಕಾರು ತಳ್ಳಿದ ಹೆಣ್ಣು ಈ ಜಿಲ್ಲೆಯಲ್ಲಿ ತಾನೊಬ್ಬಳೇ ಎಂದು ಅವಳು ಪ್ರತಿ ಯುಗಾದಿಗೂ ಬೇವು ಬೆಲ್ಲದ ಜೊತೆ ನೆನಪಿಸುತ್ತಾಳೆ. ಅಂದಿನಿಂದ ಆ ಕಾರನ್ನು ಗುಜರಿಗೆ ಹಾಕಿ ಎಂಬುದು ಅವಳ ಒಂದೇ ಬೇಡಿಕೆ. ಹತ್ತಿದ್ದೇ ತಡ ಸಹಸ್ರನಾಮ ಶುರುವಾಗುತ್ತದೆ: ಬಾಗಿಲು ಸರಿಯಾಗಿ ಹಾಕಿದ್ರಾ, ನೀರು ನೋಡಿದ್ರಾ, ಪೆಟ್ರೋಲ್ ಹಾಕ್ಸಿದ್ರಾ, ಎದುರುಗಡೆ ಲಾರಿ ಬತ್ತಾ ಐತೆ, ಎಡಕ್ಕೆ ಒಸಿ ಬನ್ನಿ, ಅದೇನು ವಾಸನೆ, ಇದೇನು ಸದ್ದು. ಇಳಿಯುವವರೆಗೆ ಮಂಗಳಾರತಿಯಿಲ್ಲದ ಪೂಜೆ. ಬಾಯಿ ಮುಚ್ಚಿಕೊಂಡು ಆ ಕಾರಿನಲ್ಲಿ ಕೂರುವುದೆಂದರೆ ಅವಳ ಪಾಲಿಗೆ ಕೆಂಡ ಹಾಯುವುದಕ್ಕಿಂತ ದೊಡ್ಡದು ಎಂದು ಈಗ ನಿಮಗೆ ಅರ್ಥವಾಗಿರಬೇಕು.

ನಮ್ಮ ಮಗಳು ರೂಪಳನ್ನು ಹಾಸನಕ್ಕೆ ಕೊಟ್ಟಿದ್ದೇವೆ. ಅಳಿಯಂದಿರು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಒಳ್ಳೆಯವರು, ಎಲ್ಲ ಸರಿಯಾಗಿತ್ತು, ಮಗುವೊಂದಾಗಿರಲಿಲ್ಲ. ವರ್ಷಗಳು ಕಳೆದವು. ಮದುವೆ ಮನೆಗಳಲ್ಲಿ ಜನ ಊಟಕ್ಕೆ ಕೂತು ಹಪ್ಪಳ ಮುರಿಯುತ್ತ 'ಏನೂ ವಿಶೇಷ ಇಲ್ವಾ' ಎಂದು ಕೇಳುವಾಗ ರೂಪ ನಗುತ್ತಿದ್ದಳು. ಆ ನಗು ನೋಡಲಾಗದೆ ನಾನು ಕೈ ತೊಳೆಯುವ ನೆಪದಲ್ಲಿ ಏಳುತ್ತಿದ್ದೆ. ಜಯಮ್ಮ ಏಳುತ್ತಿರಲಿಲ್ಲ, ಕೂತು ಕೇಳಿಸಿಕೊಳ್ಳುತ್ತಿದ್ದಳು. ಅಂಥದ್ದೇ ಒಂದು ಊಟದ ಮಾರನೆಯ ದಿನ ಒಬ್ಬಳೇ ಬಸ್ಸು ಹತ್ತಿ ದೊಡ್ಡಮಳೂರಿಗೆ ಹೋಗಿ ಹರಕೆ ಹೊತ್ತು ಬಂದಳು. ಯಾರಿಗೂ ಹೇಳಲಿಲ್ಲ. ಹೆಣ್ಣು ಮಗು ಹುಟ್ಟಿ, ನಾಮಕರಣವಾಗಿ, ಬಾಣಂತನ ನಡೆಯುತ್ತಿರುವಾಗ ಒಂದು ಸಂಜೆ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತ ಹೇಳಿದಳು. ಕೇಳಿ ನನಗೆ ಕಣ್ಣು ತುಂಬಿತು. ಹಿಂದೆಯೇ, ದೇವರ ಮುಂದೆ ಎಣಿಸುವಷ್ಟು ದೊಡ್ಡ ಕಷ್ಟವೇ ನನ್ನ ಕಾರು ಎಂದು ಬೇಸರವೂ ಆಯಿತು. ಎರಡನ್ನೂ ಒಟ್ಟಿಗೆ ಅನುಭವಿಸುವುದು ಗಂಡನಾದವನಿಗೆ ಹೊಸದೇನಲ್ಲ.

ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕರೆದೊಯ್ಯಲು ಬೀಗರು ದಿನ ನೋಡಿಟ್ಟಿದ್ದರು. ಕೂಸು ತವರು ಬಿಟ್ಟು ಹೊರಡುವ ಮುಂಚೆ ಹರಕೆ ತೀರಬೇಕು ಎಂದು ಜಯಮ್ಮ. ಅದಕ್ಕೇನಂತೆ ಎಂದು ನಾನು ಹೆಮ್ಮೆಯಿಂದ ಶೆಡ್ಡಿಗೆ ಹೋಗಿ ಕಾರು ಹೊರಡಿಸಿದೆ. ಬೀದಿಯ ತುದಿಯವರೆಗೆ ಹೋಯಿತು, ಕೆಮ್ಮಿತು, ನಿಂತಿತು. ಒಂದಷ್ಟು ಹೊತ್ತು ಬಿಟ್ಟು ಮತ್ತೆ ತಿರುಗಿಸಿದರೆ ಮತ್ತೆ ಅಷ್ಟೇ ದೂರ. ಹೀಗೆ ಕಂತು ಕಂತಾಗಿ ನನ್ನ ಬಾಲ್ಯದ ಸ್ನೇಹಿತ ಪುಟ್ಟಸ್ವಾಮಿಯ ಗ್ಯಾರೇಜು ತಲುಪಿದೆ. ಪುಟ್ಟಸ್ವಾಮಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ತಾನು ಮುಟ್ಟದ ಗಾಡಿ ಇಲ್ಲ ಎನ್ನುತ್ತಾನೆ. ಮುಟ್ಟಿದ ಮೇಲೆ ಆ ಗಾಡಿಗಳು ಏನಾದವು ಎಂದು ಹೇಳುವುದಿಲ್ಲ. ಬಾನೆಟ್ ಎತ್ತಿ, ಪೈಪು ಬಿಚ್ಚಿ ನೋಡಿ, ಪೆಟ್ರೋಲ್ ಪಂಪು ಹೋಗಿದೆ ಎಂದ. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಎಂಜಿನ್ನಿಗೆ ಕೊಡುವ, ಬೋಗುಣಿ ಗಾತ್ರದ ಒಂದು ಯಂತ್ರ ಅದು. ಒಳಗೊಂದು ತೆಳ್ಳನೆಯ ರಬ್ಬರ್ ಬಿಲ್ಲೆ ಎದೆಯ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನಮ್ಮ ಬಿಲ್ಲೆ ಒಣಗಿ ಹಳೇ ಚಪಾತಿಯ ಹಾಗಾಗಿತ್ತು.

ಈಗ ಕರೆಂಟಿನ ಪಂಪು ಬರುತ್ತದೆ, ಒಂದು ಗಳಿಗೆಯ ಕೆಲಸ, ಹಾಕಿಬಿಡುತ್ತೇನೆ ಎಂದು ಪುಟ್ಟಸ್ವಾಮಿ ಹೇಳಿದ. ನನಗೂ ಸರಿ ಎನಿಸಿತು. ಮನೆಗೆ ಬಂದು ಹೇಳಿದರೆ, ಆ ಕಾರನ್ನು ಗುಜರಿಗೆ ಹಾಕಿ ಎನ್ನುತ್ತಲೇ ತಲೆ ನೆರೆದ ಜಯಮ್ಮ ಸುತರಾಂ ಒಪ್ಪಲಿಲ್ಲ. "ನಾನು ಹರಕೆ ಹೊತ್ತದ್ದು ಈ ಕಾರಿಗೆ ಕಣ್ರೀ. ಅದರ ಎದೆ ಕಿತ್ತಾಕಿ ಬೇರೇದು ಇಕ್ಕಿದ್ರೆ ಅದು ಅದೇ ಕಾರಾ? ಯಾವ್ದು ನನ್ನ ಮದುವೆ ದಿನ ಕೆಟ್ಟು ನಿಂತಿತ್ತೋ ಅದೇ ಪಂಪಲ್ಲಿ ಹೋಗ್ಬೇಕು." ಹಾಗಾದರೆ ಹರಕೆಯನ್ನು ಸ್ವಲ್ಪ ಮುಂದಕ್ಕೆ ಹಾಕೋಣ, ದೇವರಿಗೇನು ಕೋಪ ಬರುತ್ತದೆಯೇ ಎಂದೆ. ಅವಳು ಮಗುವಿನ ಕಡೆ ನೋಡಿಕೊಂಡು, "ಆ ದೇವರು ಏನೂ ಮಾಡಲ್ಲ, ಅಂಬೆಗಾಲು ಇಕ್ಕೋ ಕೂಸು ಅದು, ಅದಕ್ಕೇನು ಗೊತ್ತಾಯ್ತದೆ. ನನಗೇ ನಿದ್ದೆ ಬರಲ್ಲ" ಎಂದಳು. ಹಳೇ ಪಂಪನ್ನೇ ಸರಿ ಮಾಡು ಎಂದು ಪುಟ್ಟಸ್ವಾಮಿಗೆ ಹೇಳಿ ಬಂದೆ. ಮಾರನೆಯ ದಿನದಿಂದ ಅವಳು ಪುಟ್ಟಸ್ವಾಮಿಗೆ ಗ್ಯಾರೇಜಿಗೇ ಕಾಫಿ ಕಳಿಸತೊಡಗಿದಳು. ಒಯ್ಯುವವನು ನಾನು. ಒಂದು ದಿನ ಕಾರಿಗೆ ಅರಿಶಿನ ಕುಂಕುಮವನ್ನೂ ಕೊಟ್ಟು ಕಳಿಸಿದಳು. ನಲವತ್ತು ವರ್ಷದ ವೈರಿಗೆ ಇಷ್ಟು ಉಪಚಾರ ಸಿಗುವುದಾದರೆ ಸ್ನೇಹಿತನಾಗಿರುವುದರಲ್ಲಿ ಏನು ಲಾಭ ಎಂದು ನಾನು ಯೋಚಿಸಿದೆ.

ಪುಟ್ಟಸ್ವಾಮಿ ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಎಂದೋ ಎತ್ತಿಟ್ಟಿದ್ದ ಒಂದು ರಬ್ಬರ್ ಬಿಲ್ಲೆ ಹುಡುಕಿದ. ಪಂಪಿನ ಎರಡು ಹೋಳುಗಳ ನಡುವೆ ಅದನ್ನಿಟ್ಟು ತಿರುಪು ಬಿಗಿದರೆ ಅಂಚಿನಲ್ಲಿ ಪೆಟ್ರೋಲ್ ಜಿನುಗುತ್ತಿತ್ತು. ಆಗ ಅವನಿಗೆ ತನ್ನ ಗುರುಗಳು ನೆನಪಾದರು. ಅವರ ಕಾಲದಲ್ಲಿ ಇಂಥ ಅಂಚಿಗೆ ಅರಗು ಕಾಯಿಸಿ ಸವರುತ್ತಿದ್ದರಂತೆ. ಪೆಟ್ರೋಲಿನಪ್ಪನೂ ಅದನ್ನು ದಾಟಿ ಬರುತ್ತಿರಲಿಲ್ಲವಂತೆ. "ಚನ್ನಪಟ್ಟಣದ ಅರಗು ಕಣ್ಲಾ. ಗೊಂಬೆ ಮುರಿದ್ರೂ ಬಣ್ಣ ಹೋಗಲ್ಲ. ನಮ್ಮೂರಾಗೇ ಇಂಥ ಮಾಲು ಇಕ್ಕೊಂಡು ಬೆಂಗಳೂರಿಗೆ ಯಾಕ್ಲಾ ಹೋಗ್ಬೇಕು?" ಎಂದ. ಊರಿನ ಅಭಿಮಾನ ಎಂಬುದು ಕೆಟ್ಟ ರೋಗ, ನನಗೂ ಹತ್ತಿತು. ಹೇಗೂ ಹರಕೆಯ ತೊಟ್ಟಿಲು ತರಲು ಚನ್ನಪಟ್ಟಣಕ್ಕೆ ಹೋಗುವುದಿತ್ತು. ನನ್ನ ಭಾವಮೈದುನನ ಅಂಗಡಿಯಲ್ಲಿ ಅಂಗೈಯಗಲದ ಚಂದದ ತೊಟ್ಟಿಲು ತೆಗೆದುಕೊಂಡು, ಗೊಂಬೆಗೆ ಬಣ್ಣ ಹಚ್ಚುವ ಅರಗಿನ ಕಡ್ಡಿಯನ್ನೂ ಕೇಳಿದೆ. ಮಿಕ್ಕಿದ್ದು ಅರಿಶಿನದ ಬಣ್ಣದ್ದೊಂದೇ. ಅದನ್ನೇ ತಂದು ಕೊಟ್ಟೆ. ಪುಟ್ಟಸ್ವಾಮಿ ಕಾಯಿಸಿ ಸವರಿದ. ಪಂಪು ಮಕ್ಕಳು ಆಡುವ ಬುಗುರಿಯಷ್ಟು ಮುದ್ದಾಗಿ ಕಂಡಿತು.

ಗಾಡಿ ಹೊರಟಿತು ನೋಡಿ, ಏನು ಓಟ, ಏನು ಗತ್ತು! ಮನೆಗೆ ತಂದು ನಿಲ್ಲಿಸಿ, ನಮ್ಮ ನಾಡಿನ ಕುಶಲಕಲೆಯ ಬಗ್ಗೆ ಅಕ್ಕಪಕ್ಕದವರಿಗೆ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಬೆಳಗ್ಗೆ ಎದ್ದರೆ ಶೆಡ್ಡೆಲ್ಲ ಪೆಟ್ರೋಲ್ ವಾಸನೆ. ನೆಲದ ಮೇಲೆ ಹಳದಿ ಬಣ್ಣದ ರಂಗೋಲಿ ಹರಡಿತ್ತು. ಅರಗೆಲ್ಲ ಮೆತ್ತಗಾಗಿ ಇಳಿದುಹೋಗಿತ್ತು. ಅಟ್ಟದ ಬಿಲ್ಲೆಯೂ ನೆನೆದು ಉಬ್ಬಿ, ಹಪ್ಪಳವಾಗುವುದೋ ಪೂರಿಯಾಗುವುದೋ ಎಂದು ಯೋಚಿಸುವಂತಿತ್ತು. ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಜಯಮ್ಮ ಬಂದು ನೋಡಿದಳು. "ಅಪ್ಪ ಕೈಗೆ ಅಂಟಿದ ಅರಗನ್ನ ಸ್ಪಿರಿಟ್ಟಲ್ಲೇ ಒರೆಸ್ಕೊಳ್ತಿದ್ರು. ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸ್ತಾರೆ ಅಂತ ಪೇಪರ್ ಓದಿ ನಂಗೆ ಹೇಳಿದೋರು ನೀವೇ ಅಲ್ವಾ?" ಎಂದಳು. ಹೌದು, ನಾನೇ. ದಿನಾ ಬೆಳಗ್ಗೆ ಪೇಪರನ್ನು ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ಓದಿದ್ದು ನನ್ನ ಕಿವಿಗೂ ಬೀಳಬೇಕಿತ್ತು. ಗುರುಗಳ ಕಾಲದ ಪೆಟ್ರೋಲು ಬೇರೆ, ಈಗಿನದು ಬೇರೆ ಎಂದು ನಾನು ಗಂಭೀರವಾಗಿ ಪುಟ್ಟಸ್ವಾಮಿಗೆ ತಿಳಿಸಿದೆ. ಅದು ತನಗೆ ಮೊದಲೇ ಗೊತ್ತಿತ್ತು, ನನ್ನ ಅರಗೇ ಕಲಬೆರಕೆ ಇರಬೇಕು ಎಂದು ಅವನು ನನಗೆ ತಿಳಿಸಿದ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಇಬ್ಬರೂ ಸೇರಿ ಅಲ್ಲಿಗೇ ಬಿಟ್ಟೆವು.

ಬೀಗರು ಬರುವ ದಿನ ಹತ್ತಿರವಾಗುತ್ತಿತ್ತು. ರೂಪ ಬಟ್ಟೆ ಮಡಿಸಿಡಲು ಆರಂಭಿಸಿದ್ದಳು. ಜಯಮ್ಮ ಏನೂ ಹೇಳದೆ ತೊಟ್ಟಿಲನ್ನು ದೇವರ ಮುಂದಿನಿಂದ ತೆಗೆದು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎನಿಸಿತು. ನಾನೂ ಪುಟ್ಟಸ್ವಾಮಿಯೂ ಅಭಿಮಾನ ಬದಿಗಿಟ್ಟು ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಹಳೇ ಗಾಡಿಗಳ ಸಾಮಾನು ಮಾರುವ ಬೀದಿಯಲ್ಲಿ ಅಂಗಡಿ ಅಂಗಡಿ ಅಲೆದು, ಈಗಿನ ಪೆಟ್ರೋಲನ್ನು ತಡೆಯುವ ಹೊಸ ಬಿಲ್ಲೆ, ಅದರ ಜೊತೆಯ ಚೂರುಪಾರುಗಳನ್ನು ತಂದೆವು. ಹಳೇ ಪಂಪಿನ ಮೈ ತಿಕ್ಕಿ, ಒಳಗೆಲ್ಲ ಹೊಸದು ಕೂರಿಸಿ, ಪುಟ್ಟಸ್ವಾಮಿ ಅದರ ಮೂತಿಯನ್ನು ಪೆಟ್ರೋಲಿನ ಬಟ್ಟಲಿಗೆ ಅದ್ದಿ ಅದರ ಪಕ್ಕದ ಸಣ್ಣ ಸನ್ನೆಕೋಲನ್ನು ಬೆರಳಲ್ಲಿ ಒತ್ತಿದ. ಪುಸಕ್ಕೆಂದು ಚಿಮ್ಮಿ ಅವನ ಬನಿಯನ್ ತೋಯಿಸಿತು. ನಾವು ಇಬ್ಬರು ಮುದುಕರು ಹೋಳಿ ಆಡಿದವರಂತೆ ನಕ್ಕೆವು.

ಹರಕೆಗೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ನಾನು ಕಾರಿನ ಪಕ್ಕ ಬಿಟ್ಟು ಕದಲಲಿಲ್ಲ. ಬೆಳಗ್ಗೆ ಎದ್ದು ಚಾಲೂ ಮಾಡಿ ಆ ಸದ್ದು ಕೇಳಿದರೆ ಕಾಫಿ ರುಚಿಸುತ್ತಿತ್ತು. ಮಧ್ಯಾಹ್ನ ಯಾರಾದರೂ ಬಂದರೆ ಅವರಿಗೂ ಕೇಳಿಸುತ್ತಿದ್ದೆ. ಸಂಜೆ ಯಾರೂ ಬರದಿದ್ದರೆ ನಾನೇ ಕೇಳುತ್ತಿದ್ದೆ. ಮಗು ಅತ್ತಾಗ ಕಾರಿನ ಸದ್ದಿಗೆ ಸುಮ್ಮನಾಗುತ್ತದೆ ಎಂದು ಪತ್ತೆ ಮಾಡಿದ ಮೇಲಂತೂ ನನಗೆ ಒಳ್ಳೆಯ ಕಾರಣವೇ ಸಿಕ್ಕಿತು. ಹೊರಡುವ ದಿನ ಕಾರು ತೊಳೆದು ಉಜ್ಜಿ, ಬಾನೆಟ್ಟಿಗೆ ಮೊಳಗಟ್ಟಲೆ ಮಲ್ಲಿಗೆ ಇಳಿಬಿಟ್ಟೆ. ನಾನು ರೇಷ್ಮೆ ಪಂಚೆ ಉಟ್ಟೆ. ತೊಟ್ಟಿಲು ಮುಂದಿನ ಸೀಟಿನಲ್ಲಿ, ಹಿಂದೆ ರೂಪ, ಅವಳ ಪಕ್ಕ ಮಗುವನ್ನೆತ್ತಿಕೊಂಡ ಜಯಮ್ಮ. ಹೊಸ್ತಿಲು ದಾಟುವಾಗ ಅವಳು ನನ್ನನ್ನೊಮ್ಮೆ ನೋಡಿ ಬಾಯಿ ಬಿಗಿದಳು.

ಎಷ್ಟು ವರ್ಷದಿಂದ ಕಾದಿದ್ದ ಮೌನ ಅದು! ಊರು ದಾಟುವವರೆಗೆ ಸ್ವರ್ಗ. ಲಾರಿ ಬಂದರೆ ಲಾರಿ ಬರುತ್ತಿದೆ ಎನ್ನುವವರಿಲ್ಲ. ಸದ್ದು ಬಂದರೆ ಅದೇನು ಎನ್ನುವವರಿಲ್ಲ. ಆದರೆ ಊರು ದಾಟಿದ ಮೇಲೆ ನನಗೆ ಕಸಿವಿಸಿಯಾಗತೊಡಗಿತು. ಲಾರಿ ಕಂಡಾಗ ನಾನೇ 'ಲಾರಿ' ಎಂದೆ. ತಿರುವಿನಲ್ಲಿ ನಾನೇ 'ನಿಧಾನ' ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಅವಳ ತುಟಿ ಎರಡು ಸಲ ಅಲುಗಿತು, ಮತ್ತೆ ಬಿಗಿಯಿತು. ಏನೋ ಕೇಳಬೇಕೆಂದಿದ್ದಾಳೆ ಎಂದು ಗೊತ್ತಾಯಿತು. ಏನು ಎಂದು ಹೊಳೆಯಲಿಲ್ಲ. ಚನ್ನಪಟ್ಟಣ ದಾಟಿ, ದೊಡ್ಡಮಳೂರು ಇನ್ನೇನು ಬಂತು ಎನ್ನುವಾಗ ಕಾರು ಒಮ್ಮೆ ಬಿಕ್ಕಳಿಸಿ ನಿಂತಿತು.

ನಾನು ಕೆಳಗಿಳಿದೆ. ಮಲ್ಲಿಗೆ ಸರಿಸಿ ಬಾನೆಟ್ ಎತ್ತಿದೆ. ಪುಟ್ಟಸ್ವಾಮಿಗೆ ಫೋನು ಮಾಡಿ, ಅವನು ಹೇಳಿದಂತೆ ಪೈಪು ಬಿಚ್ಚಿ ಸನ್ನೆ ಒತ್ತಿದೆ. ಒಂದು ಹನಿಯೂ ಬರಲಿಲ್ಲ. "ಹಂಗಾದ್ರೆ ಪಂಪು ಮುಗೀತು ಕಣ್ಲಾ" ಎಂದ ಅವನು, ಯಾರೋ ತೀರಿಕೊಂಡಷ್ಟು ಮೆಲ್ಲಗೆ. ಆಟೋ ಕರೆಯೋಣ ಅಪ್ಪಾಜಿ ಎಂದು ರೂಪ ಹೇಳಿದಳು. ಜಯಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರು ನೋಡಿದಾಗ ನನಗೆ ಆ ಕಾರನ್ನು ಅಲ್ಲೇ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು ಎನಿಸಿತು. ಅಷ್ಟರಲ್ಲಿ ಅವಳು ಕಿಟಕಿ ಬಡಿದು, ಹೆಬ್ಬೆರಳನ್ನು ಬಾಯಿಗೆ ತೋರಿಸಿದಳು. ಬಾಯಾರಿಕೆ ಎಂದುಕೊಂಡು ನೀರಿನ ಬಾಟಲಿ ಕೊಟ್ಟೆ. ಬಾಟಲಿ ತಳ್ಳಿ ಕಾರಿನ ಹಿಂಭಾಗ ತೋರಿಸಿ ಮತ್ತೆ ಹೆಬ್ಬೆರಳು ಬಾಯಿಗೆ. ಮಗುವಿಗೆ ಹಾಲೇ ಎಂದೆ. ಅವಳು ಹಣೆ ಚಚ್ಚಿಕೊಂಡು, ಕೈ ಚಾಚಿ ಮುಂದಿನ ರಸ್ತೆ ತೋರಿಸಿದಳು. ಅಲ್ಲೊಂದು ಪೆಟ್ರೋಲ್ ಬಂಕು. ಮೊದಲು ನಕ್ಕವಳು ರೂಪ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದವನು ನಾನೊಬ್ಬನೇ ಇರಬೇಕು. ದಿನವಿಡೀ ಸದ್ದು ಕೇಳಿ ಕೇಳಿ ಟ್ಯಾಂಕು ಬರಿದು ಮಾಡಿದ್ದೆ. ಮುಳ್ಳು ಅರ್ಧ ಎನ್ನುತ್ತಿತ್ತು. ಪೆಟ್ರೋಲ್ ಹಾಕ್ಸಿದ್ರಾ ಎಂದು ಕೇಳುವವಳು ಹರಕೆಯಲ್ಲಿದ್ದಳು. ಪಂಚೆ ಎತ್ತಿ ಕಟ್ಟಿ ಕಾರು ತಳ್ಳಿದೆ. ರೂಪ ಇಳಿದು ಸ್ಟೀರಿಂಗ್ ಹಿಡಿದು ಪಕ್ಕದಲ್ಲೇ ನಡೆದಳು, ದಾರಿಹೋಕರಿಬ್ಬರು ಕೈ ಜೋಡಿಸಿದರು. ಜಯಮ್ಮ ಮಾತ್ರ ಇಳಿಯಲಿಲ್ಲ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಮಹಾರಾಣಿಯ ಹಾಗೆ ಕುಳಿತಿದ್ದಳು. ಹಿಂದಿನ ಗಾಜಿನಲ್ಲಿ ಒಮ್ಮೆ ತಿರುಗಿ ನನ್ನ ಬೆವರು ನೋಡಿದಳು. ಮಾಗಡಿ ಏರಿನ ಬಾಕಿ ಅಲ್ಲಿಗೆ ಚುಕ್ತಾ ಆಯಿತು. ಬಂಕಿನಲ್ಲಿ ಪೆಟ್ರೋಲ್ ಬಿದ್ದ ಮೇಲೆ ಸನ್ನೆಯನ್ನು ಒಂದಷ್ಟು ಒತ್ತಿ ಚಾಲೂ ಮಾಡಿದರೆ ಒಂದೇ ಏಟಿಗೆ ಹೊರಟಿತು. ಪಾಪದ ಪಂಪಿಗೆ ಯಾವ ರೋಗವೂ ಇರಲಿಲ್ಲ.

ಗುಡಿಯಲ್ಲಿ ತೊಟ್ಟಿಲು ಒಪ್ಪಿಸಿದೆವು. ಅರ್ಚಕರು ಮಗುವನ್ನು ದೇವರ ಮುಂದೆ ಮಲಗಿಸಿದರು. ಅಂಬೆಗಾಲಿಕ್ಕಿದ ಕೃಷ್ಣನೂ, ಇನ್ನೂ ಮಗ್ಗುಲಾಗಲು ಕಲಿಯುತ್ತಿದ್ದ ನಮ್ಮ ಕೂಸೂ ಒಬ್ಬರನ್ನೊಬ್ಬರು ನೋಡಿಕೊಂಡರು. ಜಯಮ್ಮ ಕೈಮುಗಿದು ನಿಂತಳು, ಕೆನ್ನೆ ತೋಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಷ್ಟು ಸಮಾಧಾನದ ಮುಖವನ್ನು ನಾನು ಅವಳಲ್ಲಿ ಬಹಳ ವರ್ಷಗಳಿಂದ ಕಂಡಿರಲಿಲ್ಲ. ತೀರ್ಥ ತೆಗೆದುಕೊಂಡ ಮೇಲೆ ಹರಕೆ ತೀರಿತು, ಇನ್ನು ಮಾತಾಡಬಹುದು. ಮೊದಲ ಮಾತು ದೇವರಿಗೋ, ಮಗುವಿಗೋ ಎಂದು ನಾವೆಲ್ಲ ಕಾದೆವು. ಅವಳು ನನ್ನ ಕಡೆ ತಿರುಗಿ ಮೆತ್ತಗೆ, "ರೀ, ವಾಪಸ್ ಹೋಗಕ್ಕೆ ಸಾಕಾಗೋ ಅಷ್ಟು ಹಾಕ್ಸಿದ್ರಾ?" ಎಂದಳು. ಇಷ್ಟು ವರ್ಷ ಗೊಣಗಾಟ ಎಂದುಕೊಂಡದ್ದು ಅಂದು ನನ್ನ ಕಿವಿಗೆ ಮಂಗಳವಾದ್ಯದ ಹಾಗೆ ಕೇಳಿಸಿತು.

ಈಗ ಕಾರು ಚೆನ್ನಾಗಿ ಓಡುತ್ತಿದೆ. ರೂಪ ಮಗುವಿನೊಂದಿಗೆ ಹಾಸನ ಸೇರಿದ್ದಾಳೆ; ಮುಂದಿನ ತಿಂಗಳು ಅದೇ ಕಾರಿನಲ್ಲಿ ಹೋಗಿ ನೋಡಿ ಬರೋಣ ಎಂದು ಜಯಮ್ಮನೇ ಹೇಳಿದ್ದಾಳೆ. ಮೊನ್ನೆ ಪುಟ್ಟಸ್ವಾಮಿ ಬಂದು, ಆ ಪೆಟ್ರೋಲ್ ಮುಳ್ಳನ್ನೂ ಸರಿ ಮಾಡಿಬಿಡುತ್ತೇನೆ ಎಂದ. ಬೇಡ ಮಾರಾಯ ಎಂದೆ. ನಮ್ಮ ಮನೆಯಲ್ಲಿ ಅದರ ಕೆಲಸ ಮಾಡುವವರು ಬೇರೆ ಇದ್ದಾರೆ, ಇಷ್ಟು ವರ್ಷದಲ್ಲಿ ಒಂದು ದಿನವೂ ಕೆಟ್ಟಿಲ್ಲ. ಒಳಗಿನಿಂದ ಜಯಮ್ಮ, ನಾನು ಹಾಸನಕ್ಕೆಂದು ಪೆಟ್ರೋಲ್ ಹಾಕಿಸಿದೆನೋ ಇಲ್ಲವೋ ಎಂದು ಕೇಳಿದಳು. ಹೋಗುವುದು ಮುಂದಿನ ತಿಂಗಳಲ್ಲವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕೀಲಿಕೈ ತೆಗೆದುಕೊಂಡು ಬಂಕಿನ ಕಡೆ ಹೊರಟೆ.